ದಸರಾ–ಪ್ರವಾಸದ ವೆಬ್‌ಸೈಟು ಮಾರಬೇಕು: ತಿಂಗಳಿಗೆ 55 ಸಾವಿರ ಆಡ್‌ಸೆನ್ಸ್, 8 ಲಕ್ಷಕ್ಕೆ ಕೇಳ್ತಿದ್ದಾರೆ. ನ್ಯಾಯದ ಬೆಲೆ ಎಷ್ಟು?

ಕುವೆಂಪುನಗರ_ಕೆ_ಬ್ಲಾಕ್ · 9 ಜುಲೈ 2025

ಮೈಸೂರು–ಮಂಡ್ಯ ಸುತ್ತಿನ ಪ್ರವಾಸದ ಸೈಟು. ವರ್ಡ್‌ಪ್ರೆಸ್, ಡಾಟ್ ಕಾಮ್ ಡೊಮೇನು, 2019ರಿಂದ ನಡೀತಿದೆ. ಒಟ್ಟು 340 ಲೇಖನ: 240 ಕನ್ನಡ, 100 ಇಂಗ್ಲಿಷ್. ಅರಮನೆ, ಮೃಗಾಲಯ, ಕೆಆರ್‌ಎಸ್, ರಂಗನತಿಟ್ಟು, ಮೇಲುಕೋಟೆ, ಶಿವನಸಮುದ್ರ, ಮತ್ತೆ ದಸರಾ ಬಂದರೆ ಕಾರ್ಯಕ್ರಮ ಪಟ್ಟಿ, ಪಾಸು, ಪಾರ್ಕಿಂಗ್. ವರಮಾನ ಪೂರ್ತಿ ಆಡ್‌ಸೆನ್ಸ್‌ನದೇ, ಅಂದರೆ ಸೈಟಿನಲ್ಲಿ ಗೂಗಲ್ ಹಾಕುವ ಜಾಹೀರಾತಿನದು.

ಆಡ್‌ಸೆನ್ಸ್ ವರದಿಯಲ್ಲಿ ಕಳೆದ 12 ತಿಂಗಳು, ರೂಪಾಯಿಯಲ್ಲಿ:

2024 ಜುಲೈ 38,000, ಆಗಸ್ಟ್ 46,000, ಸೆಪ್ಟೆಂಬರ್ 88,000, ಅಕ್ಟೋಬರ್ 1,12,000, ನವೆಂಬರ್ 49,000, ಡಿಸೆಂಬರ್ 71,000, 2025 ಜನವರಿ 44,000, ಫೆಬ್ರವರಿ 36,000, ಮಾರ್ಚ್ 35,000, ಏಪ್ರಿಲ್ 52,000, ಮೇ 61,000, ಜೂನ್ 34,000. ಒಟ್ಟು 6,66,000, ಸರಾಸರಿ 55,500.

ಖರ್ಚು ತಿಂಗಳಿಗೆ: ಹೋಸ್ಟಿಂಗ್ 2,000, ಡೊಮೇನು 100, ಬರೆಯುವ ಇಬ್ಬರಿಗೆ 9,000, ಟೂಲ್‌ಗಳಿಗೆ 1,400. ನನ್ನ ಕೆಲಸ ತಿಂಗಳಿಗೆ ಸುಮಾರು 30 ಗಂಟೆ, ಅದಕ್ಕೆ ನಾನೇನೂ ತಗೊಳ್ಳಲ್ಲ. ಓದುಗರಲ್ಲಿ ಶೇ 48 ಗೂಗಲ್ ಹುಡುಕಾಟದಿಂದ, ಶೇ 38 ಗೂಗಲ್‌ನದೇ ಡಿಸ್ಕವರ್‌ನಿಂದ, ಉಳಿದದ್ದು ಫೇಸ್‌ಬುಕ್ ಮತ್ತು ನೇರ. ಮೇಲಿನ 10 ಪುಟಗಳಿಗೇ ಶೇ 61 ಓದುಗರು.

"ತಿಂಗಳ ವರಮಾನದ 40 ಪಟ್ಟು" ಅಂತ ಎಲ್ಲೆಡೆ ಓದಿದ್ದೀನಿ, ಆ ಲೆಕ್ಕಕ್ಕೆ 22 ಲಕ್ಷದ ಮೇಲೆ ಆಗುತ್ತೆ. ಬೆಂಗಳೂರಿನ ಒಬ್ಬರು 8 ಲಕ್ಷ ಅಂದಿದ್ದಾರೆ. ಇಷ್ಟೊಂದು ಅಂತರ ಯಾಕೆ? ಆಡ್‌ಸೆನ್ಸ್ ಖಾತೆಯನ್ನೂ ಜೊತೆಗೇ ಕೊಡಿ ಅಂತಿದ್ದಾರೆ, ಕೊಡಬಹುದಾ? ದುಡ್ಡು ಮೊದಲಾ ಡೊಮೇನು ಮೊದಲಾ? ತೆರಿಗೆ ಎಷ್ಟು ಬೀಳುತ್ತೆ?

---

ಕೂಳೆಕಬ್ಬು_ಮಂಡ್ಯ · 9 ಜುಲೈ 2025

55,500ಕ್ಕೆ 40 ಪಟ್ಟು ಅನ್ನೋದನ್ನ ಮೊದಲು ಬಿಟ್ಬಿಡಿ ಸಾರ್. ಪಟ್ಟು ಹಾಕೋದು ಬಂದ ದುಡ್ಡಿಗಲ್ಲ, ಖರ್ಚು ಕಳೆದು ಉಳಿದ ದುಡ್ಡಿಗೆ. ನಿಮ್ಮ ಖರ್ಚು 12,500, ಉಳಿಯೋದು 43,000. ನಿಮ್ಮ 30 ಗಂಟೆಗೆ ಕೂಲಿ ಇಲ್ಲ ಅಂತೀರಿ, ಆದ್ರೆ ನೀವು ಎದ್ದು ಹೋದ್ಮೇಲೆ ಆ ಕೆಲಸಕ್ಕೆ ಯಾರನ್ನೋ ಇಟ್ಕೋಬೇಕು. ಗಂಟೆಗೆ 250 ಅಂದ್ರೂ 7,500. ಕೊಳ್ಳೋರು ಅದನ್ನೂ ಕಳೀತಾರೆ, ಕಳೆಯೋದೇ ಸರಿ. ಉಳೀತು 35,500.

ಇನ್ನು ಪಟ್ಟು. 35–45 ಅನ್ನೋದು ಇಂಗ್ಲಿಷ್ ಸೈಟುಗಳಿಗೆ ಒಳ್ಳೆ ಕಾಲ ಇದ್ದಾಗಿನ ಮಾತು. 2023ರ ಸೆಪ್ಟೆಂಬರ್‌ನ ಹೆಲ್ಪ್‌ಫುಲ್ ಕಂಟೆಂಟ್ ಅಪ್‌ಡೇಟ್, 2024ರ ಮಾರ್ಚ್‌ನ ಕೋರ್ ಅಪ್‌ಡೇಟ್ ಅಂತ ಗೂಗಲ್ ತನ್ನ ಹುಡುಕಾಟದ ಕ್ರಮ ಬದಲಿಸಿದ್ಮೇಲೆ ಹುಡುಕಾಟ ಒಂದನ್ನೇ ನೆಚ್ಚಿಕೊಂಡ ಸೈಟಿಗೆ ಆ ಪಟ್ಟು ಕೇಳಿದ್ರೆ ನಗ್ತಾರೆ. ವರಮಾನ ಒಂದೇ ಕಡೆಯಿಂದ, ಓದುಗರು ಒಂದೇ ಕಂಪನಿಯಿಂದ ಇರೋ ಸೈಟಿಗೆ 24ರಿಂದ 30 ಅಂತ ಹಿಡ್ಕೊಳ್ಳಿ. 35,500ಕ್ಕೆ 24 ಪಟ್ಟು ಅಂದ್ರೆ 8,52,000, 30 ಪಟ್ಟು ಅಂದ್ರೆ 10,65,000.

ಇದು ವರಮಾನ ನಿಂತಲ್ಲೇ ನಿಂತಿದ್ರೆ. ಕೊಯ್ದ ಬುಡದಿಂದ ಮತ್ತೆ ಚಿಗುರಿದ ಕೂಳೆ ಕಬ್ಬಿನ ಗದ್ದೆ ಗುತ್ತಿಗೆಗೆ ಹಿಡಿಯೋನು ಹೋದ ವರ್ಷ ಎಷ್ಟು ಟನ್ ಬಂತು ಅಂತ ಮಾತ್ರ ಕೇಳಲ್ಲ, ಇದು ಎಷ್ಟನೇ ಕೂಳೆ ಅಂತಾನೂ ಕೇಳ್ತಾನೆ. ನಿಮ್ಮದು ಏರ್ತಿದೆಯೋ ಇಳೀತಿದೆಯೋ ಹೇಳಿಲ್ಲ. 2024ರ ಜನವರಿಯಿಂದ ಜೂನ್‌ವರೆಗೆ ಒಟ್ಟು ಎಷ್ಟು ಬಂದಿತ್ತು ನೋಡಿ ಹಾಕಿ. ಈ ವರ್ಷ ಅದೇ ಆರು ತಿಂಗಳಿಗೆ 2,62,000 ಆಗಿದೆ.

ಅಕ್ಟೋಬರ್‌ಗೆ ಅಕ್ಟೋಬರ್ ಹೋಲಿಸ್ಬೇಡಿ. ದಸರಾ 2023ರಲ್ಲಿ ಅಕ್ಟೋಬರ್ 15ರಿಂದ 24, 2024ರಲ್ಲಿ ಅಕ್ಟೋಬರ್ 3ರಿಂದ 12, ಈ ಸಲ ಸೆಪ್ಟೆಂಬರ್ 22ರಿಂದ ಅಕ್ಟೋಬರ್ 2. ಹಬ್ಬ ಹಿಂದೆ ಮುಂದೆ ಓಡಾಡಿದ ಹಾಗೆ ದುಡ್ಡೂ ಆ ತಿಂಗಳಿಂದ ಈ ತಿಂಗಳಿಗೆ ಓಡಾಡುತ್ತೆ. ಸೆಪ್ಟೆಂಬರ್–ಅಕ್ಟೋಬರ್ ಎರಡನ್ನೂ ಕೂಡಿಸಿ ನೋಡಿ. ಇಲ್ಲಾಂದ್ರೆ ದಸರಾ ಸೋಕದ ಜನವರಿ–ಜೂನ್ ಸಾಕು.

---

ಕುವೆಂಪುನಗರ_ಕೆ_ಬ್ಲಾಕ್ · 9 ಜುಲೈ 2025

2024ರ ಜನವರಿ–ಜೂನ್ 3,27,000 ಇತ್ತು.

---

ಕೂಳೆಕಬ್ಬು_ಮಂಡ್ಯ · 9 ಜುಲೈ 2025

ಹಂಗಾದ್ರೆ ಶೇ 20 ಇಳಿದಿದೆ. ಆ 8 ಲಕ್ಷ ಎಲ್ಲಿಂದ ಬಂತು ಅಂತಲೂ ಗೊತ್ತಾಯ್ತು. ಅವರ ಜಾಗದಲ್ಲಿ ಕೂತು ಲೆಕ್ಕ ಹಾಕಿ: ಜುಲೈ–ಡಿಸೆಂಬರ್‌ನಲ್ಲಿ ಬಂದಿದ್ದು 4,04,000. ಮುಂದಿನ ಸಲ ಇದೂ ಶೇ 20 ಇಳಿಯುತ್ತೆ ಅಂದ್ರೆ 3,23,000. ಜನವರಿ–ಜೂನ್‌ನ 2,62,000 ಸೇರಿಸಿದ್ರೆ 5,85,000, ತಿಂಗಳಿಗೆ 48,750. ಖರ್ಚು ಮತ್ತು ನಿಮ್ಮ ಕೂಲಿ 20,000 ಕಳೀರಿ, 28,750. ಅದಕ್ಕೆ 28 ಪಟ್ಟು ಹಾಕಿ: 8,05,000. ಪುಣ್ಯಾತ್ಮ ಕೂತು ಲೆಕ್ಕ ಮಾಡಿಯೇ ಕೇಳಿದ್ದಾನೆ, ಬಾಯಿಗೆ ಬಂದಿದ್ದಲ್ಲ.

ಇನ್ನೂ ಬಿಗಿ ಮನುಷ್ಯ ಆಗಿದ್ರೆ ಡಿಸ್ಕವರ್ ಪಾಲನ್ನ ಬೇರೆ ಇಟ್ಟು ನೋಡ್ತಿದ್ದ. ಡಿಸ್ಕವರ್ ಅಂದ್ರೆ ಮಳೆ ನೀರಿದ್ದ ಹಾಗೆ, ಬಂದಾಗ ಬಂತು. ಜನ ಹುಡುಕಿ ಬಂದಿದ್ದಲ್ಲ, ಗೂಗಲ್ ಅವರ ಫೋನಿಗೆ ತಳ್ಳಿದ್ದು. ನಾಳೆ ತಳ್ಳದೇ ಇದ್ರೆ ಕೇಳೋಕೆ ಯಾರೂ ಇಲ್ಲ. 28,750ರಲ್ಲಿ ಶೇ 38 ಅಂದ್ರೆ 10,925, ಅದಕ್ಕೆ ಒಂದು ವರ್ಷದ ದುಡ್ಡು, 1,31,100. ಉಳಿದ 17,825ಕ್ಕೆ 30 ಪಟ್ಟು, 5,34,750. ಎರಡೂ ಸೇರಿ 6,65,850.

ಅಲ್ಲಿಗೆ ನಿಮ್ಮ ಸೈಟಿನ ಬೆಲೆ ಆರೂವರೆಗೂ ಹತ್ತೂವರೆಗೂ ನಡುವೆ ಇದೆ. ನಾನಾಗಿದ್ರೆ 10 ಕೇಳಿ ಎಂಟೂವರೆ–ಒಂಬತ್ತಕ್ಕೆ ಕೈ ಕುಲುಕ್ತೀನಿ. 22 ಮರೆತುಬಿಡಿ.

ಬೆಲೆ ಏರಿಸಬೇಕಾದ್ರೆ ಹೊಸ ಲೇಖನ ಹಾಕೋದಲ್ಲ, ಇರೋ ಪುಟಗಳನ್ನ ಮೂರು ರಾಶಿ ಮಾಡಿ. "ಮೃಗಾಲಯಕ್ಕೆ ರಜೆ ಯಾವತ್ತು", "ಅರಮನೆ ಎಷ್ಟು ಗಂಟೆಗೆ ತೆಗೀತಾರೆ" ಅನ್ನೋ ಥರದ ಪುಟ ಒಂದು ರಾಶಿ. ಮೊದಲನೇದಕ್ಕೆ ಉತ್ತರ "ಮಂಗಳವಾರ" ಅನ್ನೋ ಒಂದು ಪದ, ಅದು ಹುಡುಕಿದ ತಕ್ಷಣ ಗೂಗಲ್‌ನಲ್ಲೇ ಮೇಲೆ ಕಾಣ್ಸುತ್ತೆ, ಸೈಟಿಗೆ ಯಾರೂ ಬರಲ್ಲ. 2024ರ ಆಗಸ್ಟ್‌ನಲ್ಲಿ ಇಂಗ್ಲಿಷ್, ಹಿಂದಿಗೆ ಎಐ ಓವರ್‌ವ್ಯೂ (ಗೂಗಲ್ ತಾನೇ ಬರೆದು ಮೇಲೆ ಹಾಕೋ ಉತ್ತರ) ಬೇರೆ ಇಲ್ಲಿಗೆ ಬಂತು. ನಿಮ್ಮ ಇಳಿಕೆಯಲ್ಲಿ ಆ 100 ಇಂಗ್ಲಿಷ್ ಪುಟಗಳ ಪಾಲು ಎಷ್ಟು ಅಂತ ಬೇರೆಯಾಗಿ ನೋಡಿ. ಇಂಗ್ಲಿಷ್ ಪುಟಕ್ಕೆ ಆರ್‌ಪಿಎಂ (ಸಾವಿರ ವೀಕ್ಷಣೆಗೆ ಬರೋ ದುಡ್ಡು) ಜಾಸ್ತಿ, ಹತ್ತು ಪುಟ ಬಿದ್ರೂ ದುಡ್ಡಿನಲ್ಲಿ ದೊಡ್ಡ ಗುಂಡಿ ಬೀಳುತ್ತೆ.

ಎರಡನೇ ರಾಶಿ ದಸರಾ ಪುಟಗಳು. ಪ್ರತಿ ವರ್ಷ "ದಸರಾ 2022", "ದಸರಾ 2023" ಅಂತ ಹೊಸ ವಿಳಾಸ ಮಾಡಿದ್ದೀರಾ? ಮಾಡಿದ್ರೆ ಹಳೇ ಪುಟಕ್ಕೆ ಬಿದ್ದ ಲಿಂಕಿನ ಬಲ ಅಲ್ಲೇ ಕೊಳೀತಾ ಬಿದ್ದಿರುತ್ತೆ. ವರ್ಷ ಇಲ್ಲದ ಒಂದೇ ವಿಳಾಸ ಇಟ್ಕೊಂಡು, ಹಳೇ ವಿಳಾಸಕ್ಕೆ ಬಂದವರು ತಾನಾಗಿ ಅಲ್ಲಿಗೇ ಹೋಗೋ ಹಾಗೆ ಹಳೇವನ್ನೆಲ್ಲ 301 ರೀಡೈರೆಕ್ಟ್ ಮಾಡಿ ಅದಕ್ಕೆ ಕಟ್ಟಿ. ಒಂದು ಸಂಜೆ ಕೆಲಸ. ಈ ತಿಂಗಳೇ ಮುಗಿಸಿ, ಹಬ್ಬದ ಹೊತ್ತಿಗೆ ಗೂಗಲ್ ಹೊಸದನ್ನ ಓದಿರಬೇಕು.

ಮೂರನೇದು "ಬೆಳಿಗ್ಗೆ ಹೊರಟು ಮೇಲುಕೋಟೆ, ತೊಣ್ಣೂರು ಕೆರೆ ನೋಡ್ಕೊಂಡು ಸಂಜೆಗೆ ವಾಪಸ್" ಅನ್ನೋ ಥರದ್ದು. ಬಸ್ಸು ಎಲ್ಲಿ ಹತ್ತಬೇಕು, ಬೆಟ್ಟಕ್ಕೆ ಮೆಟ್ಟಿಲು ಹೆಂಗಿದೆ, ಪುಳಿಯೋಗರೆ ಎಲ್ಲಿ, ಸ್ವಂತ ಫೋಟೋ. ಪ್ರವಾಸದ ಸೈಟಿನಲ್ಲಿ ನಿಲ್ಲೋದು ಇದೇ. ಕೊಳ್ಳೋರ ಮುಂದೆ ಇದನ್ನೇ ಮೊದಲು ಇಡಿ, ಹುಡುಕಾಟದಿಂದ ಎಷ್ಟು ಜನ ಬಂದ್ರು ಅಂತ ಗೂಗಲ್ ತೋರಿಸೋ ಸರ್ಚ್ ಕನ್ಸೋಲ್‌ನಲ್ಲಿ ಇವುಗಳ 16 ತಿಂಗಳ ಗೆರೆ ಮಾತ್ರ ಸೋಸಿ ತೋರಿಸಿ. ಇಡೀ ಸೈಟಿನ ಗೆರೆ ಇಳಿದಿದ್ರೂ ಈ ಪುಟಗಳದ್ದು ನಿಂತಿದ್ರೆ ಮಾತಿಗೆ ಬಲ ಬರುತ್ತೆ.

---

ಸರ್ವರ್_ಸರಸ್ವತಿಪುರಂ · 10 ಜುಲೈ 2025

ಆಡ್‌ಸೆನ್ಸ್ ಖಾತೆ ಕೊಡಬೇಡಿ. ಖಾತೆಯನ್ನು ಬೇರೆಯವರಿಗೆ ವರ್ಗಾಯಿಸಲು ಆಡ್‌ಸೆನ್ಸ್ ನಿಯಮ ಬಿಡುವುದಿಲ್ಲ. ಜಿಮೇಲ್ ಪಾಸ್‌ವರ್ಡ್ ಸಮೇತ ಕೊಟ್ಟು ಕೈ ತೊಳೆದುಕೊಳ್ಳುವವರಿದ್ದಾರೆ. ಆದರೆ ಪಾವತಿ ಪ್ರೊಫೈಲ್‌ನಲ್ಲಿ ಇರುವುದು ನಿಮ್ಮ ಹೆಸರು, ನಿಮ್ಮ ತೆರಿಗೆ ಮಾಹಿತಿ. ಆಮೇಲೆ ಅವರು ದುಡ್ಡು ಕೊಟ್ಟು ಟ್ರಾಫಿಕ್ ತಂದು ಖಾತೆ ರದ್ದಾದರೆ ರದ್ದಾಗುವುದು ನಿಮ್ಮದು, ಮುಂದೆ ಹೊಸ ಖಾತೆ ತೆರೆಯುವುದೂ ಕಷ್ಟ. ಸೈಟು ಹೋಗಬೇಕು, ಖಾತೆ ನಿಮ್ಮಲ್ಲೇ ಉಳಿಯಬೇಕು.

ಅವರು ಖಾತೆ ಯಾಕೆ ಕೇಳುತ್ತಿದ್ದಾರೆ ಎಂದು ಮೊದಲು ವಿಚಾರಿಸಿ. ಒಬ್ಬರಿಗೆ ಒಂದೇ ಖಾತೆ ಎನ್ನುವ ನಿಯಮವಿದೆ. ಅವರ ಹಳೆಯ ಖಾತೆ ರದ್ದಾಗಿದ್ದರೆ ನಿಮ್ಮ ಸೈಟಿನಿಂದ ಅವರಿಗೆ ಆಡ್‌ಸೆನ್ಸ್ ದುಡ್ಡು ಬರುವ ದಾರಿಯೇ ಇಲ್ಲ. ಖಾತೆ ಕೇಳುವುದಕ್ಕೆ ಅದೇ ಕಾರಣ ಇರಬಹುದು.

ಸರಿಯಾದ ದಾರಿ ಹೀಗೆ. ಕೈಬದಲಾಗುವ ಮೊದಲೇ ಅವರು ತಮ್ಮ ಆಡ್‌ಸೆನ್ಸ್‌ನ "ಸೈಟ್‌ಗಳು" ಪುಟದಲ್ಲಿ ನಿಮ್ಮ ಡೊಮೇನನ್ನು ಸೇರಿಸಲಿ. ಪರಿಶೀಲನೆಗೆ ಕೋಡ್, ಮೆಟಾ ಟ್ಯಾಗ್, ಆಡ್ಸ್.ಟೆಕ್ಸ್ಟ್ ಎಂದು ಮೂರು ಆಯ್ಕೆ ಬರುತ್ತವೆ, ಆಡ್ಸ್.ಟೆಕ್ಸ್ಟ್ (ಸೈಟಿನಲ್ಲಿ ಜಾಹೀರಾತು ಮಾರಲು ಯಾರಿಗೆ ಅನುಮತಿ ಎಂದು ಬರೆದಿಡುವ ಫೈಲು) ಆರಿಸಲಿ. ಸೈಟಿನ ಮೂಲ ಫೋಲ್ಡರಿನಲ್ಲಿರುವ ಆಡ್ಸ್.ಟೆಕ್ಸ್ಟ್ ಫೈಲಿನಲ್ಲಿ ನಿಮ್ಮ ಪಬ್ಲಿಷರ್ ಸಂಖ್ಯೆಯ ಸಾಲು ಈಗಾಗಲೇ ಇರುತ್ತದೆ. ಅದರ ಕೆಳಗೆ ಅವರ ಸಾಲು ಹಾಕಿ. ಎರಡು ಸಾಲು ಒಟ್ಟಿಗೆ ಇದ್ದರೆ ತೊಂದರೆಯಿಲ್ಲ, ಜಾಹೀರಾತಿನ ಕೋಡ್ ನಿಮ್ಮದೇ ಇರುವವರೆಗೆ ದುಡ್ಡು ನಿಮಗೇ ಬರುತ್ತದೆ. ಅನುಮೋದನೆ ಕೆಲವು ದಿನದಲ್ಲಿ ಬಂದರೂ ಬಂತು, ಎರಡರಿಂದ ನಾಲ್ಕು ವಾರ ಹಿಡಿದರೂ ಹಿಡಿಯಿತು. ಅದು ಬಂದ ಮೇಲೆಯೇ ಡೊಮೇನು ಮುಟ್ಟಿ. ಇದನ್ನು ಬಿಟ್ಟು ಮೊದಲು ಡೊಮೇನು ಕೊಟ್ಟರೆ ಅನುಮೋದನೆ ಬರುವವರೆಗೆ ಸೈಟು ಬರಿಗೈ, ಜಗಳ ಶುರುವಾಗುವುದು ಅಲ್ಲಿಂದಲೇ.

ಡೊಮೇನು: ಅವರು ನಿಮ್ಮ ರಿಜಿಸ್ಟ್ರಾರ್‌ನಲ್ಲೇ (ಡೊಮೇನು ನೋಂದಾಯಿಸಿದ ಕಂಪನಿ) ಒಂದು ಖಾತೆ ತೆರೆದರೆ ಖಾತೆಯಿಂದ ಖಾತೆಗೆ "ಪುಶ್" ಮಾಡಬಹುದು, ನಿಮಿಷಗಳ ಕೆಲಸ. ಬೇರೆ ರಿಜಿಸ್ಟ್ರಾರ್‌ಗೆ ಹೋಗಬೇಕೆಂದರೆ ಲಾಕ್ ತೆಗೆದು, ಆಥ್ ಕೋಡ್ (ವರ್ಗಾವಣೆಯ ಗುಪ್ತಪದ) ಕೊಟ್ಟು, ಐದರಿಂದ ಏಳು ದಿನ ಕಾಯಬೇಕು. ಮಾಲೀಕರ ಹೆಸರು, ಇಮೇಲ್ ಈಗಲೇ ಬದಲಿಸಿದರೆ ಹಲವು ರಿಜಿಸ್ಟ್ರಾರ್‌ಗಳಲ್ಲಿ ಡಾಟ್ ಕಾಮ್‌ಗೆ 60 ದಿನದ ಬೀಗ ಬೀಳುತ್ತದೆ. ಆದ್ದರಿಂದ ಮೊದಲು ವರ್ಗಾವಣೆ, ಆಮೇಲೆ ಹೆಸರು.

ಸೈಟು: ಡೇಟಾಬೇಸ್‌ನ ಎಸ್‌ಕ್ಯುಎಲ್ ಫೈಲ್ ಮತ್ತು ಡಬ್ಲ್ಯುಪಿ-ಕಂಟೆಂಟ್ ಫೋಲ್ಡರ್ ಎರಡೂ ಬೇಕು. ಬರೀ ವರ್ಡ್‌ಪ್ರೆಸ್‌ನ ಎಕ್ಸ್‌ಪೋರ್ಟ್ ಬಟನ್ ಒತ್ತಿ ಕೊಟ್ಟರೆ ಥೀಮ್, ವಿಜೆಟ್, ಪ್ಲಗಿನ್ ಸೆಟ್ಟಿಂಗ್ ಬರುವುದಿಲ್ಲ, ಚಿತ್ರಗಳೂ ಅರ್ಧಂಬರ್ಧ. ಡಿಎನ್‌ಎಸ್ (ಡೊಮೇನು ಯಾವ ಸರ್ವರ್‌ಗೆ ಹೋಗಬೇಕು ಎನ್ನುವ ದಾಖಲೆ) ಎಷ್ಟು ಹೊತ್ತು ನೆನಪಿರಬೇಕು ಎನ್ನುವ ಟಿಟಿಎಲ್ ಅನ್ನು ಸರ್ವರ್ ಬದಲಿಸುವ ಹಿಂದಿನ ದಿನವೇ 300 ಸೆಕೆಂಡಿಗೆ ಇಳಿಸಿ, ಇಲ್ಲದಿದ್ದರೆ ಅರ್ಧ ಜನ ಹಳೆಯ ಸರ್ವರ್‌ಗೇ ಹೋಗುತ್ತಿರುತ್ತಾರೆ. ನಿಮ್ಮ ಹಳೆಯ ಹೋಸ್ಟಿಂಗ್ ಅನ್ನು ಇನ್ನೂ 15 ದಿನ ಜೀವಂತ ಇಡಿ. ದುಡ್ಡು ಕೊಟ್ಟು ಕೊಂಡ ಥೀಮ್, ಪ್ಲಗಿನ್‌ಗಳ ಕೀಲಿ ನಿಮ್ಮ ಇಮೇಲಿಗೆ ಕಟ್ಟಿರುತ್ತವೆ. ಅವರೇ ಹೊಸದು ಕೊಳ್ಳಬೇಕು ಎಂದು ಮೊದಲೇ ಹೇಳಿಬಿಡಿ.

ಸರ್ಚ್ ಕನ್ಸೋಲ್‌ನಲ್ಲಿ ಅವರನ್ನು ಮಾಲೀಕರಾಗಿ ಸೇರಿಸಿ. ಇಲ್ಲೊಂದು ಕಣ್ಣಿಗೆ ಬೀಳದ ಗುಂಡಿ ಇದೆ. ನಿಮ್ಮ ಪರಿಶೀಲನೆ ಡಿಎನ್‌ಎಸ್‌ನ ಟಿಎಕ್ಸ್‌ಟಿ ದಾಖಲೆಯ (ಅಲ್ಲಿ ಹಾಕುವ ಗುರುತಿನ ಸಾಲು) ಮೇಲಿದ್ದರೆ, ಅವರು ನೇಮ್‌ಸರ್ವರ್ ಬದಲಿಸಿದ ಕೂಡಲೇ ಆ ದಾಖಲೆ ಅಳಿಸಿಹೋಗಿ ನಿಮ್ಮ ಮಾಲೀಕತ್ವ ಬೀಳುತ್ತದೆ, ನೀವು ಸೇರಿಸಿದ ಅವರದೂ ಅದರ ಹಿಂದೆಯೇ. ಅವರು ತಮ್ಮದೇ ಟಿಎಕ್ಸ್‌ಟಿ ಹಾಕಿ ಬೇರೆಯಾಗಿ ಪರಿಶೀಲಿಸಿಕೊಳ್ಳಲಿ.

ಟೆಲಿಗ್ರಾಂ ಚಾನೆಲ್ ಇದ್ದರೆ: ಮಾಲೀಕತ್ವ ಬದಲಿಸಲು ನಿಮ್ಮ ಖಾತೆಯಲ್ಲಿ ಎರಡು ಹಂತದ ಪಾಸ್‌ವರ್ಡ್ ಹಾಕಿ 7 ದಿನ ಕಳೆದಿರಬೇಕು. ಕೊನೆಯ ದಿನ ನೆನಪಾದರೆ ಒಂದು ವಾರ ಸುಮ್ಮನೆ ಹೋಗುತ್ತದೆ.

---

ಲೆಕ್ಕದ_ಪುಸ್ತಕ · 10 ಜುಲೈ 2025

ಕಾಗದಪತ್ರದ ಕಡೆ ಯಾರೂ ತಿರುಗಿ ನೋಡಿಲ್ಲ, ಎಡವಟ್ಟಾಗುವುದು ಅಲ್ಲೇ.

ಬರೆಯುವ ಆ ಇಬ್ಬರು ನಿಮ್ಮ ನೌಕರರೋ, ಲೇಖನಕ್ಕಿಷ್ಟು ಎಂದು ಬರೆದುಕೊಡುವವರೋ? ಎರಡನೆಯದಾದರೆ, ಹಣ ಕೊಟ್ಟ ಮಾತ್ರಕ್ಕೆ ಲೇಖನದ ಹಕ್ಕು ನಿಮ್ಮದಾಗಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ನೌಕರಿಯಲ್ಲಿದ್ದು ಬರೆದದ್ದು ಮಾಲೀಕನದು, ಹೊರಗಿನವರು ಬರೆದದ್ದು ಬರೆದವರದು, ಬೇರೆ ಒಪ್ಪಂದ ಇಲ್ಲದಿದ್ದರೆ. ಅದನ್ನು ನಿಮ್ಮ ಹೆಸರಿಗೆ ಮಾಡಿಕೊಳ್ಳಲು ಸೆಕ್ಷನ್ 19ರಂತೆ ಬರಹದಲ್ಲಿ ಸಹಿ ಬೇಕು. ಆ ಪತ್ರದಲ್ಲಿ ಅವಧಿ ಬರೆಯದಿದ್ದರೆ 5 ವರ್ಷ ಎಂದೇ ಅರ್ಥ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಸಿಕ್ಕ ಹಕ್ಕನ್ನು ಒಂದು ವರ್ಷ ಬಳಸದಿದ್ದರೆ ಅದೂ ಬಿದ್ದುಹೋಗುತ್ತದೆ, ಹಾಗಾಗಬಾರದು ಎಂದು ಪತ್ರದಲ್ಲೇ ಬರೆದಿರದಿದ್ದರೆ. ಆದ್ದರಿಂದ "ಕೃತಿಸ್ವಾಮ್ಯದ ಪೂರ್ಣ ಅವಧಿಗೆ, ಇಡೀ ಜಗತ್ತಿಗೆ, ಬಳಸದಿದ್ದರೂ ಹಕ್ಕು ರದ್ದಾಗುವುದಿಲ್ಲ" ಎಂಬ ಮಾತು ಬರಲಿ. ಲೇಖನಗಳ ಶೀರ್ಷಿಕೆ, ಪ್ರಕಟವಾದ ದಿನಾಂಕದ ಪಟ್ಟಿ ಮಾಡಿ ಹಿಂದೆ ಲಗತ್ತಿಸಿ, ಪ್ರತಿ ಹಾಳೆಗೂ ಸಹಿ ಹಾಕಿಸಿ. ಮಾರಾಟದ ಸುದ್ದಿ ಹರಡುವ ಮೊದಲೇ ಮಾಡಿಕೊಳ್ಳಿ. ಎಂಟು ಲಕ್ಷದ ಮಾತು ಕಿವಿಗೆ ಬಿದ್ದ ಮೇಲೆ ಸಹಿಯ ಬೆಲೆಯೂ ಏರುತ್ತದೆ.

ಫೋಟೋಗಳ ಹಕ್ಕನ್ನೂ ನೋಡಿಕೊಳ್ಳಿ. ನೀವು ತೆಗೆದದ್ದು, ಸ್ನೇಹಿತರು ಕೊಟ್ಟದ್ದು, ಗೂಗಲ್‌ನಿಂದ ಎತ್ತಿದ್ದು ಎಂದು ಮೂರು ಗುಂಪು ಮಾಡಿ, ಮೂರನೆಯದನ್ನು ಈಗಲೇ ತೆಗೆದುಹಾಕಿ. "ವಿಷಯವೆಲ್ಲ ನನ್ನದೇ" ಎಂದು ಒಪ್ಪಂದದಲ್ಲಿ ಸಹಿ ಹಾಕುವವರು ನೀವು, ಆಮೇಲೆ ನೋಟಿಸು ಬಂದರೆ ಕೊಂಡವರು ಹಿಡಿಯುವುದೂ ನಿಮ್ಮನ್ನೇ.

ಮಾರಿದ ಮೇಲೆ ಅಂಥದ್ದೇ ಸೈಟು ಮಾಡಬಾರದು ಎಂಬ ಷರತ್ತು ಹಾಕಿಯೇ ಹಾಕುತ್ತಾರೆ. ವ್ಯಾಪಾರಕ್ಕೆ ತಡೆಹಾಕುವ ಒಪ್ಪಂದ ಊರ್ಜಿತವಲ್ಲ ಎನ್ನುವ ಕರಾರು ಕಾಯ್ದೆಯ ಸೆಕ್ಷನ್ 27ರಲ್ಲೇ ಗುಡ್‌ವಿಲ್ (ವ್ಯಾಪಾರ ಗಳಿಸಿದ ಹೆಸರು) ಮಾರಿದವರಿಗೆ ವಿನಾಯಿತಿ ಇದೆ, ಅಂದರೆ ನಿಮ್ಮನ್ನು ಈ ಷರತ್ತು ಕಟ್ಟಿಹಾಕಬಲ್ಲದು. ಆದರೆ ಮಿತಿ ನ್ಯಾಯವಾಗಿರಬೇಕು. "ಮೈಸೂರು, ಮಂಡ್ಯ ಜಿಲ್ಲೆಗಳ ಪ್ರವಾಸ ವಿಷಯ, 2 ವರ್ಷ" ಎಂದರೆ ಒಪ್ಪಿ. "ಯಾವುದೇ ಕನ್ನಡ ಸೈಟು" ಎಂದಿದ್ದರೆ ಹೊಡೆದುಹಾಕಿಸಿ.

ತೆರಿಗೆ. ನೀವೇ ಕಟ್ಟಿದ ಸೈಟಿಗೆ ಕೊಂಡ ಬೆಲೆ ಎಂಬುದು ಸೊನ್ನೆ. 2023ರ ಹಣಕಾಸು ಕಾಯ್ದೆಯ ನಂತರ, ದುಡ್ಡು ಕೊಟ್ಟು ಕೊಳ್ಳದ ಇಂಥ ಅಮೂರ್ತ ಆಸ್ತಿಗೆಲ್ಲ ಹೀಗೇ. ಅಂದರೆ ಮಾರಿದ ಮೊತ್ತ ಪೂರ್ತಿ ಲಾಭ. 24 ತಿಂಗಳು ದಾಟಿರುವುದರಿಂದ ದೀರ್ಘಾವಧಿ, ದರ ಶೇ 12.5, ಇಂಡೆಕ್ಸೇಷನ್ (ಬೆಲೆ ಏರಿಕೆಗೆ ಕೊಡುವ ರಿಯಾಯಿತಿ) ಇಲ್ಲ. 8 ಲಕ್ಷಕ್ಕೆ 1,00,000, ಮೇಲೆ ಶೇ 4 ಸೆಸ್, ಒಟ್ಟು 1,04,000. ಇದನ್ನು ವ್ಯಾಪಾರದ ವರಮಾನ ಎಂದು ಅಧಿಕಾರಿ ವಾದಿಸುವ ಸಾಧ್ಯತೆ ಇದ್ದೇ ಇದೆ, ಸೈಟು ಮಾಡಿ ಮಾರುವುದೇ ಕಸುಬಾಗಿರುವವರಿಗೆ ಹೆಚ್ಚು. ನಿಮ್ಮ ಆಡಿಟರ್‌ಗೆ ಒಪ್ಪಂದದ ಕರಡು ತೋರಿಸಿ, ಸಹಿ ಹಾಕಿದ ಪ್ರತಿಯನ್ನಲ್ಲ.

ಜಿಎಸ್‌ಟಿ: ವರ್ಷದ ವಹಿವಾಟು ಈ ಮಾರಾಟವೂ ಸೇರಿ 20 ಲಕ್ಷದೊಳಗಿದ್ದು ನೋಂದಣಿ ಇಲ್ಲದಿದ್ದರೆ ತಲೆಬಿಸಿ ಇಲ್ಲ. ಅದೇ ಪ್ಯಾನ್‌ನಲ್ಲಿ ಬೇರೆ ವ್ಯವಹಾರ ಇದ್ದರೆ ಅದನ್ನೂ ಕೂಡಿಸಬೇಕು. ನೋಂದಣಿ ಇದ್ದವರು "ನಡೆಯುತ್ತಿರುವ ವ್ಯವಹಾರವನ್ನು ಇಡಿಯಾಗಿ ವರ್ಗಾಯಿಸಿದೆ" ಎಂದು ಬರೆದರೆ ವಿನಾಯಿತಿ ಉಂಟು. ಬರೀ ಡೊಮೇನು ಮಾರಿದಂತೆ ಬರೆದರೆ ಶೇ 18. ಸೈಟು ಅದೇ, ಬರೆದ ವಾಕ್ಯದ ಮೇಲೆ ಲಕ್ಷಗಟ್ಟಲೆ ವ್ಯತ್ಯಾಸ.

ನಗದು ಬೇಡವೇ ಬೇಡ. ಒಂದು ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕೂ ಹೆಚ್ಚು ನಗದು ತೆಗೆದುಕೊಂಡರೆ ತೆಗೆದುಕೊಂಡಷ್ಟೇ ದಂಡ, ಅದೂ ತೆಗೆದುಕೊಂಡವರಿಗೆ.

---

ಕುವೆಂಪುನಗರ_ಕೆ_ಬ್ಲಾಕ್ · 11 ಜುಲೈ 2025

ಎಲ್ಲರಿಗೂ ಧನ್ಯವಾದ. ಬರೆಯುವವರು ಲೇಖನಕ್ಕಿಷ್ಟು ಅಂತಲೇ, ಪತ್ರ ಏನೂ ಇಲ್ಲ. ದಸರಾ ಪುಟಗಳಲ್ಲೂ ವರ್ಷ ಇದೆ, ಐದು ಪುಟ. ಎರಡೂ ಸರಿ ಮಾಡ್ತೀನಿ.

ಉಳಿದ ಪ್ರಶ್ನೆ ಎರಡು. ದಸರಾಗೆ ಮೊದಲು ಮಾರುವುದು ಒಳ್ಳೆಯದೋ, ಆದ ಮೇಲೋ? ಮತ್ತೆ ಅವರು ಸ್ಕ್ರೀನ್‌ಶಾಟ್ ಬೇಡ, ವಿಡಿಯೊ ಕರೆಯಲ್ಲಿ ತೋರಿಸಿ ಅಂತಿದ್ದಾರೆ. ಏನೇನು ತೋರಿಸಬೇಕು?

---

ಹಳೆ_ಗಿರಾಕಿ · 11 ಜುಲೈ 2025

ಕೊಳ್ಳುವ ಕಡೆಯಿಂದ ಒಂದು ಮಾತು. ಬ್ರೌಸರಿನಲ್ಲಿ ಅಂಕಿಯ ಮೇಲೆ ಬಲ ಕ್ಲಿಕ್ ಮಾಡಿ "ಇನ್‌ಸ್ಪೆಕ್ಟ್" ಒತ್ತಿದರೆ 35,000 ಇದ್ದದ್ದನ್ನು ಹತ್ತು ಸೆಕೆಂಡಿನಲ್ಲಿ 85,000 ಮಾಡಬಹುದು. ಸ್ಕ್ರೀನ್‌ಶಾಟಿಗೆ ಬೆಲೆಯಿಲ್ಲದ್ದು ಅದಕ್ಕೇ. ಕರೆಯಲ್ಲಿ ಅವರು ಮೊದಲು ಎಫ್5 ಒತ್ತಿಸುತ್ತಾರೆ, ತಿದ್ದಿದ್ದು ಅಳಿಸಿಹೋಗುತ್ತದೆ. ಆಮೇಲೆ ತಮಗೆ ತೋಚಿದ ದಿನಾಂಕ ಹೇಳಿ ತೆಗೆಸುತ್ತಾರೆ. ಬೇಸರ ಮಾಡಿಕೊಳ್ಳಬೇಡಿ, ನೀವೇ ಮೊದಲು ಒತ್ತಿ ತೋರಿಸಿದರೆ ನಂಬಿಕೆ ಬರುತ್ತದೆ.

ತೋರಿಸಬೇಕಾದ್ದು ವರದಿ ಪುಟವಲ್ಲ, "ಪಾವತಿಗಳು" ಪುಟದ ವಹಿವಾಟು ಪಟ್ಟಿ. ವರದಿಯಲ್ಲಿರುವುದು ಅಂದಾಜು ಗಳಿಕೆ, ಅಮಾನ್ಯ ಕ್ಲಿಕ್ಕುಗಳನ್ನು ಕಳೆದ ಮೇಲೆ ಅಂತಿಮವಾಗುವುದು ಬೇರೆ. ನೀವು ಮೇಲೆ ಕೊಟ್ಟಿರುವುದೆಲ್ಲ ವರದಿಯ ಅಂಕಿ, ಅಲ್ಲವೇ? ಪಾವತಿ ಪಟ್ಟಿಯನ್ನು ಬ್ಯಾಂಕ್ ಪಾಸ್‌ಬುಕ್ ಪಕ್ಕ ಇಟ್ಟು ತಿಂಗಳು ತಿಂಗಳು ಹೊಂದಿಸಿ. ಪಾವತಿ ಬರುವುದು ಮುಂದಿನ ತಿಂಗಳ 21ರಿಂದ 26ರೊಳಗೆ, ಆದ್ದರಿಂದ ಒಂದು ತಿಂಗಳು ಹಿಂದೆ ಸರಿಸಿ ನೋಡಬೇಕು. ಸರ್ಚ್ ಕನ್ಸೋಲ್‌ನಲ್ಲಿ "ಮ್ಯಾನುಯಲ್ ಆಕ್ಷನ್ಸ್" ಮತ್ತು "ಸೆಕ್ಯುರಿಟಿ ಇಶ್ಯೂಸ್" ಪುಟ ತೆರೆದು ಖಾಲಿ ಇರುವುದನ್ನು ತೋರಿಸಿ. ಆಡ್‌ಸೆನ್ಸ್‌ನ "ಪಾಲಿಸಿ ಸೆಂಟರ್" ಕೂಡ.

ಪಾಸ್‌ವರ್ಡ್ ಮಾತ್ರ ಯಾವುದಕ್ಕೂ ಕೊಡಬೇಡಿ. ಅನಲಿಟಿಕ್ಸ್‌ಗೆ "ವೀಕ್ಷಕ", ಸರ್ಚ್ ಕನ್ಸೋಲ್‌ಗೆ "ನಿರ್ಬಂಧಿತ" ಬಳಕೆದಾರರಾಗಿ ಸೇರಿಸಿದರೆ ಈ ಹಂತಕ್ಕೆ ಧಾರಾಳ ಸಾಕು.

---

ಕುವೆಂಪುನಗರ_ಕೆ_ಬ್ಲಾಕ್ · 11 ಜುಲೈ 2025

ಪಾವತಿ ಪಟ್ಟಿ ನೋಡಿದೆ. 6,66,000 ಅಲ್ಲ, ಅಂತಿಮವಾಗಿ ನಿಂತಿದ್ದು 6,51,000. ಹೆಚ್ಚಿನ ಕಡಿತ ಅಕ್ಟೋಬರ್‌ನಲ್ಲೇ.

---

ಕೂಳೆಕಬ್ಬು_ಮಂಡ್ಯ · 11 ಜುಲೈ 2025

15,000 ಅಂದ್ರೆ ತಿಂಗಳಿಗೆ 1,250, 28 ಪಟ್ಟಿಗೆ 35,000 ಬೆಲೆ ಇಳೀತು. ಅವರಿಗೆ ಗೊತ್ತಾಗೋ ಮೊದಲು ನೀವೇ ಹೇಳಿಬಿಡಿ. ಅಕ್ಟೋಬರ್ ಕಡಿತ ಯಾಕೆ ಅಂತಲೂ ಹುಡುಕಿ. ಹಬ್ಬದ ದಿನ ಪುಟ ನಿಧಾನ ಆಗಿ, ಜಾಹೀರಾತು ತಡವಾಗಿ ಬಂದು ಬರಹವನ್ನ ಕೆಳಗೆ ತಳ್ಳಿದ್ರೆ ಜನ "ಪಾರ್ಕಿಂಗ್ ಎಲ್ಲಿ" ಒತ್ತೋಕೆ ಹೋಗಿ ಜಾಹೀರಾತನ್ನ ಒತ್ತಿರ್ತಾರೆ. ಜಾಹೀರಾತಿನ ಜಾಗಕ್ಕೆ ಮೊದಲೇ ಎತ್ತರ ಕಟ್ಟಿಟ್ರೆ, ಅಂದ್ರೆ ಆ ಡಬ್ಬಕ್ಕೆ 280 ಪಿಕ್ಸೆಲ್ ಕನಿಷ್ಠ ಎತ್ತರ ಅಂತ ಸಿಎಸ್‌ಎಸ್‌ನಲ್ಲಿ ಬರೆದ್ರೆ, ಈ ಕುಣಿತ ನಿಲ್ಲುತ್ತೆ.

ದಸರಾಗೆ ಮುಂಚೆಯೋ ಆಮೇಲೋ ಅನ್ನೋದು ರುಚಿಯ ಮಾತಲ್ಲ, ಲೆಕ್ಕದ ಮಾತು. ಹೋದ ಸಲ ಸೆಪ್ಟೆಂಬರ್–ಅಕ್ಟೋಬರ್ ಎರಡಕ್ಕೇ 2,00,000 ವರದಿಯಲ್ಲಿತ್ತು. ಶೇ 20 ಕಡಿಮೆ ಮಾಡಿದ್ರೂ 1,60,000. ಆಗಸ್ಟ್ ಕೊನೆಗೆ ಸೈಟು ಕೊಟ್ರೆ ಈ ಬೆಳೆ ಕೊಯ್ಯೋದು ಅವರು. ಆಗಸ್ಟ್‌ನಲ್ಲಿ 8 ಲಕ್ಷಕ್ಕೆ ಮಾರೋದೂ ದಸರಾ ದುಡ್ಡು ಎಣಿಸ್ಕೊಂಡು ನವೆಂಬರ್‌ನಲ್ಲಿ 6,40,000ಕ್ಕೆ ಮಾರೋದೂ ನಿಮ್ಮ ಕೈಗೆ ಹತ್ತಿರ ಹತ್ತಿರ ಒಂದೇ. ಅವರು ಈಗಿನ 8ನ್ನೇ ನವೆಂಬರ್‌ಗೂ ಹೇಳಿದ್ರೆ ಕಣ್ಣು ಮುಚ್ಕೊಂಡು ನವೆಂಬರ್ ಅನ್ನಿ.

ಆದ್ರೆ ಅಪಾಯನೂ ಇದೆ. ಹಬ್ಬದ ಮಧ್ಯೆ ಗೂಗಲ್ ಇನ್ನೊಂದು ಕೋರ್ ಅಪ್‌ಡೇಟ್ ಬಿಟ್ಟು ಸೈಟು ಬಿದ್ರೆ ನವೆಂಬರ್‌ನಲ್ಲಿ ಗಿರಾಕಿನೇ ಇರಲ್ಲ. ನಡುವಿನ ದಾರಿ ಅಂದ್ರೆ ಈಗಲೇ ಒಪ್ಪಂದ, ಶೇ 10 ಟೋಕನ್, ಬೆಲೆ ಈಗಲೇ ಗೊತ್ತು ಮಾಡೋದು, ಕೈಬದಲು ಅಕ್ಟೋಬರ್ 10ಕ್ಕೆ. ದಸರಾ ವರಮಾನ ಅರ್ಧರ್ಧ. ಬೀಳೋ ಅಪಾಯವನ್ನೂ ಇಬ್ಬರೂ ಹಂಚ್ಕೊಂಡ ಹಾಗಾಯ್ತು.

ಉಳಿದ ಶೇ 90ರಲ್ಲಿ 60 ಡೊಮೇನು ಅವರ ಖಾತೆಗೆ ಹೋದ ದಿನ, 30 ಮೂವತ್ತು ದಿನದ ಮೇಲೆ. ಆ ಕೊನೆಯ 30ನ್ನ "ವರಮಾನ ಇಷ್ಟು ಬಂದ್ರೆ" ಅಂತ ಕಟ್ಟೋಕೆ ಬಿಡ್ಬೇಡಿ. ಕೊಂಡವರು ಮಾಡೋ ಮೊದಲ ಕೆಲಸವೇ ಥೀಮ್ ಬದಲಿಸೋದು, ವಿಳಾಸದ ರೂಪ ಬದಲಿಸೋದು, ಇರೋ ಬರೋ ಕಡೆ ಜಾಹೀರಾತು ತುರುಕೋದು. ಓದುಗರು ಓಡಿಹೋಗ್ತಾರೆ, ತಪ್ಪು ನಿಮ್ಮ ತಲೆಗೆ. ಕೆಲಸಕ್ಕೆ ಕಟ್ಟಿ: ಬ್ಯಾಕಪ್ ಕೊಟ್ಟಾಯ್ತು, ಸರ್ಚ್ ಕನ್ಸೋಲ್ ಕೊಟ್ಟಾಯ್ತು, ಫೇಸ್‌ಬುಕ್ ಪೇಜ್ ಕೊಟ್ಟಾಯ್ತು, 30 ದಿನ ಫೋನಿನಲ್ಲಿ ಸಹಾಯ ಮಾಡಾಯ್ತು. ಇಷ್ಟಾದ್ರೆ ದುಡ್ಡು.

---

ಸರ್ವರ್_ಸರಸ್ವತಿಪುರಂ · 12 ಜುಲೈ 2025

ದುಡ್ಡು ಮೊದಲೋ ಡೊಮೇನು ಮೊದಲೋ ಎಂಬುದಕ್ಕೆ: ದೂರದವರಾಗಿದ್ದರೆ ಎಸ್ಕ್ರೋ (ಮಧ್ಯಸ್ಥರ ಖಾತೆ) ಬೇಕು. ಅವರು ಎಸ್ಕ್ರೋದಲ್ಲಿ ಹಣ ಇಡುತ್ತಾರೆ, ನೀವು ಡೊಮೇನು ಕೊಡುತ್ತೀರಿ, ಸಿಕ್ಕಿತು ಎಂದು ಅವರು ಒಪ್ಪಿದ ಮೇಲೆ ಹಣ ನಿಮಗೆ ಬರುತ್ತದೆ. ಬೆಂಗಳೂರಿನವರಾದ್ದರಿಂದ ಒಂದು ದಿನ ಮೈಸೂರಿಗೆ ಬಂದು ಒಂದೇ ಮೇಜಿಗೆ ಕೂತರೆ ಎಸ್ಕ್ರೋ ಶುಲ್ಕ ಉಳಿಯುತ್ತದೆ. ಆರ್‌ಟಿಜಿಎಸ್ 2 ಲಕ್ಷದಿಂದ ಮೇಲೆ, ಹಗಲು ರಾತ್ರಿ ನಡೆಯುತ್ತದೆ. ಡೊಮೇನು ಪುಶ್ ಒತ್ತಿದ ಪುಟ ತೆರೆದಿಟ್ಟುಕೊಂಡು, ಹಣ ಜಮಾ ಆದ ಮೇಲೆ ಖಚಿತಪಡಿಸುವ ಬಟನ್ ಒತ್ತಿ. ಎಸ್‌ಎಂಎಸ್ ನೋಡಿ ನಂಬಬೇಡಿ, ಬ್ಯಾಂಕಿನ ಆ್ಯಪ್ ತೆರೆದು ಬಾಕಿ ನೋಡಿ. ಹೊಸದಾಗಿ ಸೇರಿಸಿದ ಖಾತೆಗೆ ಮೊದಲ ದಿನ ದೊಡ್ಡ ಮೊತ್ತ ಕಳಿಸಲು ಅನೇಕ ಬ್ಯಾಂಕುಗಳು ಬಿಡುವುದಿಲ್ಲ, ನಿಮ್ಮ ಖಾತೆಯನ್ನು ಅವರು ಹಿಂದಿನ ದಿನವೇ ಸೇರಿಸಿಟ್ಟಿರಲಿ.

ಕೊನೆಯ ದಿನದ ಗಳಿಕೆ ಯಾರದು ಎಂಬ ಜಗಳಕ್ಕೂ ಒಪ್ಪಂದದಲ್ಲಿ ಒಂದು ಸಾಲು ಹಾಕಿ. ಆಡ್‌ಸೆನ್ಸ್ ಪಾವತಿಯ ಲೆಕ್ಕ ಪೆಸಿಫಿಕ್ ಸಮಯದ್ದು, ಅಕ್ಟೋಬರ್ 9ರ ದಿನ ಅಲ್ಲಿ ಮುಗಿಯುವಾಗ ಇಲ್ಲಿ 10ರ ಮಧ್ಯಾಹ್ನ 12.30. ಹಾಗಾಗಿ "ಅಕ್ಟೋಬರ್ 10, ಮಧ್ಯಾಹ್ನ 12.30ಕ್ಕೆ ಮಾರುವವರ ಕೋಡ್ ತೆಗೆದು ಕೊಳ್ಳುವವರ ಕೋಡ್ ಹಾಕತಕ್ಕದ್ದು" ಎಂದು ಬರೆದರೆ ಇಬ್ಬರ ವರದಿಯೂ ದಿನಕ್ಕೆ ದಿನ ಹೊಂದುತ್ತದೆ. ಕೋಡ್ ಬದಲಿಸಿದ ಮೇಲೆ ಕ್ಯಾಶ್ ಪ್ಲಗಿನ್ ಖಾಲಿ ಮಾಡಿ. ಮಾಡದಿದ್ದರೆ ಹಳೆಯ ಪುಟಗಳು ನಿಮ್ಮ ಕೋಡಿನ ಸಮೇತ ಇನ್ನೂ ಓಡುತ್ತಿರುತ್ತವೆ, ಅವರ ದುಡ್ಡು ನಿಮ್ಮ ಖಾತೆಗೆ ಬರುತ್ತಿರುತ್ತದೆ. ಆಡ್ಸ್.ಟೆಕ್ಸ್ಟ್‌ನಲ್ಲಿರುವ ನಿಮ್ಮ ಸಾಲನ್ನು ಒಂದು ವಾರ ಬಿಟ್ಟು ತೆಗೆಯಿರಿ. ಅಕ್ಟೋಬರ್‌ನ ನಿಮ್ಮ ಒಂಬತ್ತು ದಿನದ ಗಳಿಕೆ ನವೆಂಬರ್ 21ರ ನಂತರವೇ ಬರುವುದು, ಅಲ್ಲಿಯವರೆಗೆ ಆಡ್‌ಸೆನ್ಸ್ ಖಾತೆ ಮುಚ್ಚಬೇಡಿ.